ಈ ಲಾಭ ಎಲ್ಲಿಂದ ಬಂತು? ನಮ್ಮ ಸೀಮೆಯಲ್ಲಿ ನಿಂತು ನೋಡಿದ ಡಿವಿಡೆಂಡಿನ ಚರಿತ್ರೆ

ಪಾಳಾ, ಮಳಗಿ, ಮುಂಡಗೋಡ ಕಡೆಯ ಹುಡುಗರ ಮೊಬೈಲಿನಲ್ಲಿ ಈಗ ಕ್ರಿಕೆಟ್ಟಿನ ಜೊತೆಗೆ ಶೇರಿನ ವಿಡಿಯೊಗಳೂ ಓಡುತ್ತಿವೆ. ಅದರಲ್ಲೂ ಒಂದು ಮಾತು ಬಹಳ ಸಲ ಕಿವಿಗೆ ಬೀಳುತ್ತದೆ: 'ಡಿವಿಡೆಂಡ್ ಕೊಡುವ ಶೇರು ತಗೊಳ್ರಿ, ಕೂತಲ್ಲೇ ವರ್ಷಕ್ಕೊಮ್ಮೆ ರೊಕ್ಕ ಬರ್ತದ.' ನಮ್ಮ ಬಳಗಕ್ಕೂ ಓದುಗರು ಇದನ್ನೇ ಕೇಳುತ್ತಾರೆ. ಇದು ನಿಜವೇ? ಹಳ್ಳಿಯವರು ಇದಕ್ಕೆ ಕೈ ಹಾಕಬಹುದೇ?

ಯಾವ ಶೇರು ತಗೊಳ್ಳಬೇಕು ಎಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಡಿವಿಡೆಂಡ್ ಎಂಬುದು ಎಲ್ಲಿ ಹುಟ್ಟಿತು, ನಮ್ಮ ಜಿಲ್ಲೆಗೆ ಹೇಗೆ ಬಂತು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಹೇಳಬಲ್ಲೆವು. ಈ ಚರಿತ್ರೆ ಗೊತ್ತಿದ್ದರೆ ಅರ್ಧ ಮೋಸದಿಂದ ಪಾರಾಗಬಹುದು.

ಮೊದಲು ಅರ್ಥ ತಿಳಿದುಕೊಳ್ಳೋಣ. ಶೇರು ಎಂದರೆ ಕಂಪನಿಯಲ್ಲಿ ಒಂದು ಪಾಲು. ಆ ಕಂಪನಿ ವರ್ಷವಿಡೀ ದುಡಿದು, ಖರ್ಚು, ಸಾಲದ ಬಡ್ಡಿ, ತೆರಿಗೆ ಎಲ್ಲ ಕಳೆದು ಉಳಿದ ಲಾಭದಲ್ಲಿ ಪಾಲುದಾರರಿಗೆ ಹಂಚುವ ಭಾಗವೇ ಡಿವಿಡೆಂಡ್. ಕನ್ನಡದಲ್ಲಿ ಲಾಭಾಂಶ. ಪಾಳಾ ಸುತ್ತಲಿನ ಮಾವಿನ ತೋಟ ನೋಡಿದವರಿಗೆ ಇದು ಕಷ್ಟದ ವಿಷಯವಲ್ಲ. ಮರ ನಿಮ್ಮದು, ಅದು ಶೇರು. ವರ್ಷಕ್ಕೊಮ್ಮೆ ಬರುವ ಹಣ್ಣು ಡಿವಿಡೆಂಡ್. ಒಂದು ವರ್ಷ ಮರ ತುಂಬ ಕಾಯಿ ಬಿಟ್ಟರೆ ಮರುವರ್ಷ ಖಾಲಿ ನಿಲ್ಲಬಹುದು. ಹೂವು ಬಿಡುವ ಹೊತ್ತಿಗೆ ಮೋಡ, ಇಬ್ಬನಿ ಕವಿದರೆ ಯಾರನ್ನೂ ದೂರಲಾಗದು. ಡಿವಿಡೆಂಡ್ ಕೂಡ ಹಾಗೆಯೇ. ಬ್ಯಾಂಕಿನ ಠೇವಣಿಯ ಬಡ್ಡಿಯಂತೆ ಇಷ್ಟೇ ಕೊಡುತ್ತೇವೆಂದು ಯಾರೂ ಬರೆದುಕೊಟ್ಟಿರುವುದಿಲ್ಲ.

ಜಾಪತ್ರೆ, ಮೆಣಸು ಹಂಚಿದ ಕಂಪನಿ

ಜಗತ್ತಿನ ಮೊದಮೊದಲ ದೊಡ್ಡ ಡಿವಿಡೆಂಡ್ ಹಣದ ರೂಪದಲ್ಲಿ ಬರಲಿಲ್ಲ, ಸಾಂಬಾರ ಪದಾರ್ಥದ ರೂಪದಲ್ಲಿ ಬಂತು. ನಮ್ಮ ಜಿಲ್ಲೆಯ ಓದುಗರಿಗೆ ಇದು ಖುಷಿ ಕೊಡುವ ಸಂಗತಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಕಾಳುಮೆಣಸಿನ ವ್ಯಾಪಾರದಿಂದ. ಅದೇ ಸಾಂಬಾರ ಪದಾರ್ಥಗಳ ಬೆನ್ನು ಹತ್ತಿ 1602ರಲ್ಲಿ ಹಾಲೆಂಡಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಸಾವಿರಾರು ಜನರಿಂದ ಹಣ ಕೂಡಿಸಿ ಹಡಗು ಕಟ್ಟಿತು. ಹಣ ಕೊಟ್ಟವರಲ್ಲಿ ದೊಡ್ಡ ವ್ಯಾಪಾರಿಗಳಿದ್ದರು, ಮನೆಗೆಲಸದವರೂ ಇದ್ದರು. ಅವರ ಹೆಸರು ಕಂಪನಿಯ ಪುಸ್ತಕದಲ್ಲಿ ಬರೆದಿಡಲಾಯಿತು. ಪಾಲನ್ನು ಬೇರೆಯವರಿಗೆ ಮಾರುವುದಕ್ಕೂ ಅವಕಾಶವಿತ್ತು.

ವರ್ಷಗಳು ಕಳೆದರೂ ಪಾಲುದಾರರಿಗೆ ಏನೂ ಬರಲಿಲ್ಲ. ಕಂಪನಿ ಹಡಗು, ಕೋಟೆ, ಯುದ್ಧಕ್ಕೆಂದು ಹಣ ಸುರಿಯುತ್ತಲೇ ಇತ್ತು. ಐಸಾಕ್ ಲ ಮೇರ್ ಎಂಬ ದೊಡ್ಡ ಪಾಲುದಾರ 1609ರಲ್ಲಿ, ಕಂಪನಿಯನ್ನು ನಡೆಸುವವರು ಪಾಲುದಾರರ ಹಿತ ನೋಡುತ್ತಿಲ್ಲ ಎಂದು ಬರೆದು ದೂರು ಕೊಟ್ಟ. ಮರುವರ್ಷ, 1610ರಲ್ಲಿ, ಕಂಪನಿ ಮೊದಲ ಡಿವಿಡೆಂಡ್ ಸಾರಿತು. ಹೆಚ್ಚಿನ ಭಾಗವನ್ನು ಜಾಪತ್ರೆಯಾಗಿ ಕೊಟ್ಟಿತು, ಮತ್ತಷ್ಟನ್ನು ಮೆಣಸಾಗಿ, ಸ್ವಲ್ಪವನ್ನು ನಗದಾಗಿ. ಅಷ್ಟೊಂದು ಜಾಪತ್ರೆ ಒಮ್ಮೆಲೇ ಪೇಟೆಗೆ ಬಂದರೆ ದರ ಬೀಳುತ್ತದೆಂದು ಹೆದರಿ ಹಲವರು ಅದನ್ನು ತಗೊಳ್ಳಲೇ ಇಲ್ಲ. ಶುಂಠಿಯನ್ನು ಎಲ್ಲರೂ ಒಟ್ಟಿಗೆ ಕಿತ್ತರೆ ಏನಾಗುತ್ತದೆಂದು ಬಲ್ಲ ನಮ್ಮ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಜಾಪತ್ರೆ ಬಂದದ್ದು ಈಗಿನ ಇಂಡೋನೇಷ್ಯಾದ ಬಾಂದಾ ಎಂಬ ಪುಟ್ಟ ದ್ವೀಪಗಳಿಂದ. ಬೇರೆ ಯಾರಿಗೂ ಮಾರಬಾರದು, ನಮಗೇ ಕೊಡಬೇಕು ಎಂದು ಕಂಪನಿ ಅಲ್ಲಿಯವರ ಮೇಲೆ ಬಲವಂತ ಹೇರಿತು. ಅವರು ಕೇಳದಿದ್ದಾಗ 1621ರಲ್ಲಿ ಸೈನ್ಯ ನುಗ್ಗಿಸಿತು. ದ್ವೀಪದ ಬಹುಪಾಲು ಜನ ಸತ್ತರು, ಗುಲಾಮರಾದರು, ಇಲ್ಲವೇ ಊರು ಬಿಟ್ಟರು. ಆಮ್ಸ್ಟರ್ಡಾಮಿನಲ್ಲಿ ಕೂತು ಡಿವಿಡೆಂಡ್ ಪಡೆಯುತ್ತಿದ್ದವರಿಗೆ ಇದು ಕಾಣುವಂತಿರಲಿಲ್ಲ.

ಡಿವಿಡೆಂಡಿನ ಚರಿತ್ರೆಯ ಮೊದಲ ಪಾಠ ಇಲ್ಲಿದೆ. ಕೈಗೆ ಬಂದ ರೊಕ್ಕದ ಹಿಂದೆ ಯಾವಾಗಲೂ ಒಂದು ಪ್ರಶ್ನೆ ಇರುತ್ತದೆ: ಈ ಲಾಭ ಎಲ್ಲಿಂದ ಬಂತು?

ನಮ್ಮ ಹತ್ತಿ, ಮುಂಬೈಯ ಹುಚ್ಚು

ಶೇರು ಎಂಬ ಹುಚ್ಚು ಭಾರತಕ್ಕೆ ಹಿಡಿದದ್ದು 1860ರ ದಶಕದಲ್ಲಿ. ಅದರಲ್ಲಿ ನಮ್ಮ ಸೀಮೆಗೂ ಒಂದು ಪಾತ್ರವಿದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಆಗ ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕಪ್ಪು ಮಣ್ಣಿನ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬೈ ಸೇರುತ್ತಿತ್ತು. ಮುಂಬೈ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಎಂದೇ ಹೆಸರು. ಹತ್ತಿ ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ನಮ್ಮ ಕರಾವಳಿಯ ಊರಿನದು. 1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಇತ್ತು. ಕಾರವಾರ ಬಂದರನ್ನು ಬೆಳೆಸಿ ಹತ್ತಿ ಸಾಗಿಸಬೇಕು ಎಂಬ ಲೆಕ್ಕಾಚಾರ ಅವರದು.

ಹತ್ತಿಯಿಂದ ಬಂದ ಹಣ ಮುಂಬೈಯಲ್ಲಿ ಉಕ್ಕಿ ಹರಿಯಿತು. ಹಣ ಎಲ್ಲಿ ಹಾಕಬೇಕೆಂದು ತಿಳಿಯದೆ ವ್ಯಾಪಾರಿಗಳು ದಿನಕ್ಕೊಂದು ಕಂಪನಿ ಹುಟ್ಟಿಸಿದರು. ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ₹5,000ದ ಶೇರು ₹50,000ದ ಆಸುಪಾಸಿಗೆ ಏರಿತು. ಆ ಕಂಪನಿ ಇನ್ನೂ ಏನನ್ನೂ ಗಳಿಸಿರಲಿಲ್ಲ. ನಾಳೆ ಇನ್ನೊಬ್ಬ ಹೆಚ್ಚು ಕೊಟ್ಟು ತಗೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ದರ ಏರುತ್ತಿತ್ತು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ದರ ಕುಸಿಯಿತು. ಅದೇ ವರ್ಷ ಜುಲೈ 1ಕ್ಕೆ ಶೇರಿನ ಕರಾರುಗಳ ಗಡುವು ಮುಗಿದಾಗ ಕೊಡಬೇಕಾದವರ ಬಳಿ ಹಣವಿರಲಿಲ್ಲ. ₹2,850ರವರೆಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು ₹87ಕ್ಕೆ ಇಳಿಯಿತು. ನೂರಾರು ಮನೆಗಳು ಮುಳುಗಿದವು. ಈ ಅನುಭವದ ನಂತರ, 1875ರಲ್ಲಿ, ದಲಾಲರು ಸೇರಿ ಕಟ್ಟಿಕೊಂಡ ಸಂಘವೇ ಮುಂದೆ ಮುಂಬೈ ಶೇರುಪೇಟೆಯಾಯಿತು.

ಹತ್ತಿ ಬೆಳೆದ ರೈತನಿಗೆ ಏರುದರದ ಎರಡು ಮೂರು ವರ್ಷ ಸ್ವಲ್ಪ ಹಣ ಬಂದದ್ದು ನಿಜ. ದರ ಬಿದ್ದ ಮೇಲೆ ಸಾಲ ಉಳಿಯಿತು. ಸಾಹುಕಾರರ ಸಾಲಪತ್ರ ಸುಡುವ ಮಟ್ಟಕ್ಕೆ ರೈತರ ಸಿಟ್ಟು ಹೋಗಿ 1875ರಲ್ಲಿ ಪುಣೆ, ಅಹಮದನಗರ ಕಡೆ ದಂಗೆಯೇ ಆಯಿತು.

ಕಣಗಿನಹಾಳದ ಪಾಲು

ಆ ಸಾಲದ ಸಂಕಟಕ್ಕೆ ಒಂದು ಉತ್ತರವಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಅದರ ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದು ಒಂದು. ಪಾಟೀಲರನ್ನು ಇಂದಿಗೂ ಸಹಕಾರ ಪಿತಾಮಹ ಎಂದು ಕರೆಯುತ್ತಾರೆ.

ಅಲ್ಲಿಂದ ಈ ಗಾಳಿ ನಮ್ಮ ಜಿಲ್ಲೆಗೂ ಬೀಸಿತು. 1920ರಲ್ಲಿ ಶಿರಸಿಯಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕು, ಅಂದರೆ ಈಗಿನ ಕೆಡಿಸಿಸಿ ಬ್ಯಾಂಕು, ಶುರುವಾಯಿತು. 1923ರಲ್ಲಿ ಅಡಿಕೆ ಬೆಳೆಗಾರರ ತೋಟಗಾರ್ಸ್ ಸೊಸೈಟಿ, ಎಲ್ಲರೂ ಟಿಎಸ್‌ಎಸ್ ಎನ್ನುವ ಸಂಸ್ಥೆ, ಹುಟ್ಟಿತು. ಆಮೇಲೆ ಹಳ್ಳಿಹಳ್ಳಿಯಲ್ಲಿ ಸೇವಾ ಸಹಕಾರಿ ಸಂಘಗಳು ಬಂದವು.

ಓದುಗರು ಇದನ್ನು ಗಮನಿಸಬೇಕು. ನಿಮ್ಮ ಮನೆಯಲ್ಲಿ ಸೊಸೈಟಿಯ ಬೆಳೆಸಾಲ ತೆಗೆದವರಿದ್ದರೆ ನಿಮ್ಮ ಮನೆ ಈಗಾಗಲೇ ಶೇರುದಾರರ ಮನೆ. ಸಾಲ ಕೊಡುವಾಗ ಕಡಿದುಕೊಂಡ ಶೇರು ಹಣ ನಿಮ್ಮ ಹೆಸರಿನಲ್ಲಿ ಇದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯಲ್ಲಿ ಹಂಚುವ ವರದಿಯ ಪುಸ್ತಕದಲ್ಲಿ 'ಲಾಭ ವಿಲೇವಾರಿ' ಎಂಬ ಪುಟ ಇರುತ್ತದೆ. ಆ ಪುಟವನ್ನು ಓದಲು ಬಂದವನಿಗೆ ದೊಡ್ಡ ಕಂಪನಿಯ ಡಿವಿಡೆಂಡ್ ಕೂಡ ಅರ್ಥವಾಗುತ್ತದೆ.

ಆ ಪುಟದಲ್ಲಿ ಏನಿರುತ್ತದೆ? ಮೊದಲು ಮೀಸಲು ನಿಧಿ. 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಲಾಭವೆಲ್ಲ ಮೊದಲು ಮೀಸಲು ನಿಧಿಗೇ ಹೋಗಬೇಕಿತ್ತು, ಹಂಚುವ ಮಾತು ಆಮೇಲೆ. 1912ರ ಕಾಯ್ದೆ, ಕನಿಷ್ಠ ಕಾಲು ಭಾಗವನ್ನಾದರೂ ಮೀಸಲಿಗೆ ತೆಗೆದಿಡಬೇಕು ಎಂದಿತು. ಬೀಜಕ್ಕೆಂದು ಚೀಲ ತೆಗೆದಿಟ್ಟು ಉಳಿದದ್ದನ್ನು ಊಟಕ್ಕೆ ಅಳೆಯುವ ರೈತನ ಲೆಕ್ಕವೇ ಇದು. ಎಲ್ಲವನ್ನೂ ಹಂಚಿ ತಿಂದರೆ ಮುಂದಿನ ಬಿತ್ತನೆಗೆ ಏನೂ ಇರುವುದಿಲ್ಲ.

ಸೊಸೈಟಿಗೂ ಕಂಪನಿಗೂ ಎರಡು ವ್ಯತ್ಯಾಸಗಳಿವೆ. ಸೊಸೈಟಿಯಲ್ಲಿ ಶೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಕಂಪನಿಯಲ್ಲಿ ಶೇರು ಹೆಚ್ಚಿದ್ದವರ ಮಾತೇ ನಡೆಯುತ್ತದೆ. ಸೊಸೈಟಿಯ ಶೇರಿನ ದರ ಏರುವುದಿಲ್ಲ, ಹಾಕಿದ ನೂರು ನೂರಾಗಿಯೇ ಇರುತ್ತದೆ. ಕಂಪನಿಯ ಶೇರಿನ ದರ ದಿನವೂ ಏರಿಳಿಯುತ್ತದೆ. ಏರುವ ಆಸೆ ಇದ್ದಲ್ಲಿ ಇಳಿಯುವ ಭಯವೂ ಜೊತೆಗೇ ಇರುತ್ತದೆ.

ದಾಂಡೇಲಿಯ ಕಾಗದ, ಕಾಡಿನ ಬಿದಿರು

ಕಂಪನಿ ಎಂದರೆ ಮುಂಬೈ, ಬೆಂಗಳೂರು ಎಂದುಕೊಳ್ಳಬೇಕಿಲ್ಲ. ಶೇರುಪೇಟೆಯಲ್ಲಿ ದಿನವೂ ದರ ತೋರಿಸುವ ಒಂದು ಕಂಪನಿಯ ಕಾರ್ಖಾನೆ ನಮ್ಮ ಪಕ್ಕದಲ್ಲೇ ಇದೆ. ಅದು ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್. 1955ರಲ್ಲಿ ಕಂಪನಿ ನೋಂದಣಿಯಾಯಿತು, 1959ರಲ್ಲಿ ಕಾಗದ ಹೊರಬರಲು ಶುರುವಾಯಿತು. ಬಾಂಗುರ್ ಮನೆತನದವರು ಕಟ್ಟಿದ ಕಂಪನಿ. ದಾಂಡೇಲಿಯನ್ನು ಆರಿಸಿಕೊಳ್ಳಲು ಕಾರಣ ಸರಳ. ಕಾಳಿ ನದಿಯ ನೀರು ಹತ್ತಿರ, ಸುತ್ತಲಿನ ಕಾಡಿನಲ್ಲಿ ಬೇಕಾದಷ್ಟು ಬಿದಿರು.

ಆ ಬಿದಿರಿನ ದರದ ಕತೆಯನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಹಳ ಕಡೆ ಬರೆದಿದ್ದಾರೆ. 1970ರ ದಶಕದಲ್ಲಿ ಕರ್ನಾಟಕದ ಬಿದಿರಿನ ಅಧ್ಯಯನ ಮಾಡಿದವರು ಅವರು. ಅವರ ಬರಹಗಳ ಪ್ರಕಾರ ಆರಂಭದಲ್ಲಿ ಸರ್ಕಾರ ಕಾರ್ಖಾನೆಗೆ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಹಣ ತೆರಬೇಕಿತ್ತು. ಇಷ್ಟು ಅಗ್ಗಕ್ಕೆ ಸಿಕ್ಕ ಮಾಲನ್ನು ಕಾಪಾಡಿಕೊಂಡು ಬಳಸುವ ಅವಸರ ಯಾರಿಗೂ ಇರಲಿಲ್ಲ. ಕಾಡಿನ ಬಿದಿರು ಬರಿದಾಗುತ್ತ ಹೋಯಿತು.

ಈಗ ಲೆಕ್ಕ ಹಾಕಿ. ಕಚ್ಚಾ ಮಾಲು ಅಗ್ಗವಾದಷ್ಟೂ ಕಾರ್ಖಾನೆಯ ಲಾಭ ಹೆಚ್ಚು. ಲಾಭ ಹೆಚ್ಚಾದಷ್ಟೂ ಪಾಲುದಾರರಿಗೆ ಹಂಚಲು ಹೆಚ್ಚು. ಬಿದಿರು ಹಳಿಯಾಳ, ಜೋಯಿಡಾ, ದಾಂಡೇಲಿ ಕಾಡಿನದು. ಶೇರು ಹಿಡಿದವರು ಬಹುಪಾಲು ದೂರದ ಊರಿನವರು. ನಮ್ಮ ಜನರಿಗೆ ಕಾರ್ಖಾನೆಯ ಸಂಬಳ ಸಿಕ್ಕಿತು. ಅದನ್ನು ಕಡೆಗಣಿಸುವಂತಿಲ್ಲ, ದಾಂಡೇಲಿ ಎಂಬ ಪಟ್ಟಣ ಬೆಳೆದದ್ದೇ ಅದರಿಂದ. ಆದರೆ ಕಾಡಿನ ಬುಡದಲ್ಲಿದ್ದ ಮೇದಾರರ ಕೇರಿಗೆ ಸಂಬಳವೂ ಬರಲಿಲ್ಲ, ಲಾಭಾಂಶವೂ ಬರಲಿಲ್ಲ. ಅವರ ಪಾಲಿಗೆ ಉಳಿದದ್ದು ಬಿದಿರಿಲ್ಲದ ಕಾಡು.

ಇಂದು ಕಾರ್ಖಾನೆ ಹೆಚ್ಚಾಗಿ ರೈತರು ಹೊಲದಲ್ಲಿ ಬೆಳೆದ ಸುಬಾಬುಲ್, ಗಾಳಿಮರ, ನೀಲಗಿರಿಯಂಥ ಮರಗಳನ್ನು ಕೊಂಡು ಕಾಗದ ಮಾಡುತ್ತದೆ. ಅಂದರೆ ಮಾಲಿಗೆ ಬೆಲೆ ಕೊಡಬೇಕಾಗಿದೆ. ಇದರ ಡಿವಿಡೆಂಡ್ ನೋಡಿದರೆ ಮಾವಿನ ಮರದ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2022-23ರ ಸಾಲಿಗೆ ಒಂದು ಶೇರಿಗೆ ₹10, ಮರುವರ್ಷ ₹8, ಅದರ ಮರುವರ್ಷ ₹5. ಕಂಪನಿ ಅದೇ, ಯಂತ್ರ ಅದೇ, ನದಿ ಅದೇ. ಕಾಗದದ ದರ, ಕಟ್ಟಿಗೆಯ ದರ, ಹೊರದೇಶದಿಂದ ಬರುವ ಕಾಗದ ಇವೆಲ್ಲ ಸೇರಿ ಲಾಭ ಕುಗ್ಗಿಸಿದರೆ ಹಂಚುವುದೂ ಕುಗ್ಗುತ್ತದೆ. ಈ ಶೇರು ತಗೊಳ್ಳಿ ಎಂದೋ ಬೇಡ ಎಂದೋ ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಕಣ್ಣಿಗೆ ಕಾಣುವ ಉದಾಹರಣೆ ಎಂದು ಕೊಟ್ಟಿದ್ದೇವೆ.

'ಶೇಕಡಾ 500 ಡಿವಿಡೆಂಡ್' ಎಂದರೆ ಎಷ್ಟು?

ವಿಡಿಯೊಗಳಲ್ಲಿ 'ಶೇಕಡಾ 500 ಡಿವಿಡೆಂಡ್' ಎಂದು ಕೂಗುತ್ತಾರೆ. ಕೇಳಿದವರು ನೂರು ಹಾಕಿದರೆ ಐನೂರು ಬರುತ್ತದೆ ಎಂದುಕೊಳ್ಳುತ್ತಾರೆ. ಇಲ್ಲೇ ಮೊದಲ ಗುಂಡಿ ಇರುವುದು.

ಈ ಶೇಕಡಾ ಲೆಕ್ಕ ಶೇರಿನ ಮುಖಬೆಲೆಯ ಮೇಲೆ. ಮುಖಬೆಲೆ ಎಂದರೆ ಕಂಪನಿಯ ಪುಸ್ತಕದಲ್ಲಿ ಬರೆದ ಬೆಲೆ. ಅದು ₹1, ₹2, ₹5 ಅಥವಾ ₹10 ಇರಬಹುದು. ದಾಂಡೇಲಿ ಕಂಪನಿಯ ಶೇರಿನ ಮುಖಬೆಲೆ ₹2. ಹಾಗಾಗಿ ₹10 ಕೊಟ್ಟರೆ ಅದು 'ಶೇಕಡಾ 500'. ಆದರೆ ಪೇಟೆಯಲ್ಲಿ ಯಾರೂ ₹2ಕ್ಕೆ ಆ ಶೇರು ಮಾರುವುದಿಲ್ಲ. ಲೆಕ್ಕಕ್ಕೆ ಪೇಟೆದರ ₹500 ಎಂದಿಟ್ಟುಕೊಳ್ಳಿ. ₹500 ಹಾಕಿದವನಿಗೆ ₹10 ಬಂದರೆ ಅದು ಶೇ 2 ಮಾತ್ರ. ₹10,000 ಹಾಕಿದರೆ 20 ಶೇರು, ವರ್ಷಕ್ಕೆ ₹200. ಅದೇ ₹10,000 ಬ್ಯಾಂಕಿನಲ್ಲಿ ಶೇ 6ಕ್ಕೆ ಇಟ್ಟರೆ ₹600 ಬಡ್ಡಿ ಬರುತ್ತದೆ.

ಹಾಗಾದರೆ ಜನ ಏಕೆ ತಗೊಳ್ಳುತ್ತಾರೆ? ಒಳ್ಳೆಯ ಕಂಪನಿಯಾದರೆ ವರ್ಷ ಕಳೆದಂತೆ ಡಿವಿಡೆಂಡೂ ಬೆಳೆಯಬಹುದು, ಶೇರಿನ ದರವೂ ಏರಬಹುದು ಎಂಬ ನಿರೀಕ್ಷೆಯಿಂದ. ಈ 'ಬಹುದು' ಎಂಬ ಪದವನ್ನು ಮರೆಯಬಾರದು.

ಎರಡನೆಯ ಗುಂಡಿ ಇದರ ಪಕ್ಕದಲ್ಲೇ ಇದೆ. ₹100 ಇದ್ದ ಒಂದು ಶೇರು ₹40ಕ್ಕೆ ಬಿದ್ದಿದೆ. ಹೋದ ವರ್ಷ ಅದು ₹8 ಡಿವಿಡೆಂಡ್ ಕೊಟ್ಟಿತ್ತು. ಮೊಬೈಲಿನ ಪಟ್ಟಿಯಲ್ಲಿ 'ಶೇ 20 ಆದಾಯ' ಎಂದು ಹೊಳೆಯುತ್ತದೆ. ಆದರೆ ದರ ಬಿದ್ದದ್ದು ಏಕೆ? ಈ ವರ್ಷ ಲಾಭವಿಲ್ಲ ಎಂದು ತಿಳಿದವರು ಮಾರಿ ಹೋಗಿರಬಹುದು. ಒಣಗುತ್ತಿರುವ ಮರಕ್ಕೆ ಹೋದ ವರ್ಷದ ಫಸಲು ನೋಡಿ ಗುತ್ತಿಗೆ ಹಿಡಿದರೆ ಆಗುವುದು ಇದೇ. ಕೆಲವೊಮ್ಮೆ ಕಂಪನಿ ಜಾಗವನ್ನೋ ಘಟಕವನ್ನೋ ಮಾರಿ ಒಂದೇ ಸಲ ದೊಡ್ಡ ಡಿವಿಡೆಂಡ್ ಕೊಟ್ಟಿರುತ್ತದೆ. ಅದು ಮರುವರ್ಷ ಬರುವುದಿಲ್ಲ.

ಮೂರನೆಯದು ತಾರೀಖಿನ ಆಟ. ಕಂಪನಿ ಒಂದು ದಿನ ಗೊತ್ತು ಮಾಡುತ್ತದೆ, ಆ ದಿನ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ ಡಿವಿಡೆಂಡ್. ಹಿಂದಿನ ದಿನ ತಗೊಂಡು, ಡಿವಿಡೆಂಡ್ ಪಡೆದು, ಮಾರಿಬಿಡೋಣ ಎಂದು ಕೆಲವರು ಹೊರಡುತ್ತಾರೆ. ಆದರೆ ₹200ರ ಶೇರಿಗೆ ₹10 ಡಿವಿಡೆಂಡ್ ಇದ್ದರೆ ಗಡುವು ದಾಟಿದ ದಿನ ದರ ಸುಮಾರು ₹190ಕ್ಕೆ ಇಳಿದು ತೆರೆಯುತ್ತದೆ. ಹಾಲು ಕರೆದ ಮೇಲೆ ಕೆಚ್ಚಲು ತುಂಬಿದ ಆಕಳ ದರ ಯಾರು ಕೊಡುತ್ತಾರೆ?

ಟ್ರಂಕಿನಲ್ಲಿರುವ ಕಾಗದ ನೋಡಿ

ಹಿಂದೆ ಶೇರು ಎಂದರೆ ಕಾಗದದ ಪ್ರಮಾಣಪತ್ರ. ಮಾರಬೇಕಾದರೆ ಸಹಿ ಹಾಕಿ, ಸ್ಟಾಂಪು ಹಚ್ಚಿ, ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು. ಬೆಂಗಳೂರಿಗೇ ಒಂದು ಶೇರುಪೇಟೆ 1963ರಲ್ಲಿ ಬಂದರೂ ಹಳ್ಳಿಯವರಿಗೆ ಅದು ದೂರವೇ ಉಳಿಯಿತು. 1992ರಲ್ಲಿ ಸೆಬಿಗೆ ಕಾನೂನಿನ ಬಲ ಬಂತು. 1996ರ ಡಿಪಾಸಿಟರಿ ಕಾಯ್ದೆಯಿಂದ ಶೇರು ಕಾಗದ ಬಿಟ್ಟು ಕಂಪ್ಯೂಟರಿನ ಖಾತೆಗೆ ಹೋಯಿತು. ಅದೇ ಡಿಮ್ಯಾಟ್ ಖಾತೆ. ಇವತ್ತು ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಇದ್ದರೆ ಮನೆಯಲ್ಲಿ ಕೂತೇ ತೆರೆಯಬಹುದು. ಡಿವಿಡೆಂಡ್ ನೇರ ಬ್ಯಾಂಕಿಗೆ ಬೀಳುತ್ತದೆ.

ಇದರಲ್ಲಿ ನಮ್ಮ ಕಡೆಯವರಿಗೆ ಒಂದು ಕೆಲಸವಿದೆ. ಕಾರ್ಖಾನೆ, ಬ್ಯಾಂಕು, ಬಂದರಿನಲ್ಲಿ ದುಡಿದ ಹಿರಿಯರು ಆ ಕಾಲದಲ್ಲಿ ಹತ್ತಿಪ್ಪತ್ತು ಶೇರು ತಗೊಂಡು ಟ್ರಂಕಿನಲ್ಲಿ ಇಟ್ಟು ಮರೆತಿರಬಹುದು. ಏಳು ವರ್ಷ ಯಾರೂ ಕೇಳದೆ ಉಳಿದ ಡಿವಿಡೆಂಡ್, ಅದರ ಜೊತೆಗೆ ಆ ಶೇರು ಕೂಡ, ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ, ಅಂದರೆ ಐಇಪಿಎಫ್‌ಗೆ ಹೋಗುತ್ತದೆ. ಹೋದರೂ ಮುಳುಗಿಲ್ಲ. ವಾರಸುದಾರರು ದಾಖಲೆ ಕೊಟ್ಟು, ಐಇಪಿಎಫ್-5 ಎಂಬ ಅರ್ಜಿ ಹಾಕಿ ಮರಳಿ ಪಡೆಯಬಹುದು. ಅರ್ಜಿಗೆ ಸರ್ಕಾರದ ಶುಲ್ಕವಿಲ್ಲ. ಹಳೆಯ ಟ್ರಂಕನ್ನು ರದ್ದಿಗೆ ಹಾಕುವ ಮುಂಚೆ ಒಮ್ಮೆ ತೆಗೆದು ನೋಡಿ.

ತೆರಿಗೆಯ ಮಾತೂ ಗೊತ್ತಿರಲಿ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆದವರ ಆದಾಯಕ್ಕೆ ಸೇರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ ₹10,000 ದಾಟಿದರೆ ಶೇ 10 ಮೊದಲೇ ಕಡಿದುಕೊಡುತ್ತಾರೆ. ನಿಮ್ಮ ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು.

ಲಾಭವೇ ಇಲ್ಲದ ಡಿವಿಡೆಂಡ್

ಈ ಚರಿತ್ರೆಯಲ್ಲಿ ಕರಾಳ ಪುಟಗಳು ಹತ್ತಿರದವೇ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಎಂಎ ಎಂಬ ಸಂಸ್ಥೆ, ಹಣ ಹಾಕಿದವರನ್ನು ಪಾಲುದಾರರು ಎಂದು ಕರೆದು, ಬಡ್ಡಿಯಲ್ಲ ಲಾಭದ ಪಾಲು ಎಂದು ಹೇಳಿ ತಿಂಗಳು ತಿಂಗಳೂ ಹಣ ಕೊಡುತ್ತಿತ್ತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ನಲವತ್ತು ಸಾವಿರಕ್ಕೂ ಹೆಚ್ಚು ಜನ ದೂರು ಕೊಟ್ಟರು. ಮಗಳ ಮದುವೆಗೆಂದು, ನಿವೃತ್ತಿಯ ಹಣವೆಂದು ಇಟ್ಟವರೇ ಅದರಲ್ಲಿ ಹೆಚ್ಚು. ಹೊಸಬರ ಹಣವನ್ನೇ ಹಳಬರಿಗೆ ಲಾಭ ಎಂದು ಹಂಚುತ್ತಿದ್ದರು ಎಂಬುದು ತನಿಖೆಯಲ್ಲಿ ಬಂದ ಆರೋಪ.

ಪೇಟೆಯಲ್ಲಿ ನೋಂದಣಿಯಾದ ಮಾತ್ರಕ್ಕೂ ಭದ್ರವೆಂದು ತಿಳಿಯಬೇಡಿ. ಇನ್ಫೋಸಿಸ್ 1993ರಲ್ಲಿ ₹95ಕ್ಕೆ ಶೇರು ಕೊಟ್ಟಾಗ ತಗೊಳ್ಳಲು ಜನ ಹಿಂದೇಟು ಹಾಕಿದ್ದರು. ತಗೊಂಡು ಇಟ್ಟುಕೊಂಡವರ ಕತೆಯನ್ನು ಇವತ್ತು ಎಲ್ಲರೂ ಹೇಳುತ್ತಾರೆ. ಅದೇ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಒಂದು ವರ್ಷವೂ ಲಾಭ ಕಾಣದೆ 2012ರಲ್ಲಿ ನೆಲಕ್ಕಿಳಿಯಿತು. ಅದರ ಶೇರು ಹಿಡಿದ ಸಣ್ಣವರ ಕತೆ ಯಾವ ವಿಡಿಯೊದಲ್ಲೂ ಬರುವುದಿಲ್ಲ. ಗೆದ್ದ ಎತ್ತಿನ ಹೆಸರು ಊರೆಲ್ಲ ಹೇಳುತ್ತದೆ, ಬಿದ್ದ ಎತ್ತಿನ ಹೆಸರು ಸಾಕಿದವನಿಗೆ ಮಾತ್ರ ನೆನಪಿರುತ್ತದೆ.

ಹೊಸಬರು ಕೇಳಬೇಕಾದದ್ದು

ಡಚ್ಚರ ಜಾಪತ್ರೆಯಿಂದ ದಾಂಡೇಲಿಯ ಬಿದಿರಿನವರೆಗೆ ಬಂದ ಕತೆಯಿಂದ ನಾವು ಕಲಿತ ಪ್ರಶ್ನೆಗಳು ಇವು.

ಈ ಲಾಭ ಎಲ್ಲಿಂದ ಬಂತು? ಕಂಪನಿ ಏನು ಮಾಡಿ ಮಾರುತ್ತದೆ, ಅದನ್ನು ಯಾರು ಕೊಳ್ಳುತ್ತಾರೆ ಎಂದು ಮನೆಯವರಿಗೆ ಎರಡು ಮಾತಿನಲ್ಲಿ ಹೇಳಲು ಬಾರದಿದ್ದರೆ ಅದರಲ್ಲಿ ಹಣ ಹಾಕಬೇಡಿ. ಕಾಡೋ ನೀರೋ ಬೇರೆಯವರ ಪಾಲೋ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಮಾತ್ರ ಲಾಭ ಬಂದಿದ್ದರೆ, ಆ ಅಗ್ಗ ಮುಗಿದ ದಿನ ಲಾಭವೂ ಮುಗಿಯುತ್ತದೆ.

ಬೀಜಕ್ಕೆ ಎಷ್ಟು ಇಟ್ಟರು? ನೂರು ರೂಪಾಯಿ ಗಳಿಸಿ ನಲವತ್ತು ಹಂಚುವ ಕಂಪನಿಗೆ ಕೆಟ್ಟ ವರ್ಷ ತಾಳುವ ಶಕ್ತಿ ಇರುತ್ತದೆ. ನೂರು ಗಳಿಸಿ ನೂರಿಪ್ಪತ್ತು ಹಂಚುವುದು ಸಾಲದಿಂದಲೋ ಹಳೆಯ ಗಂಟಿನಿಂದಲೋ ಎಂದು ನೋಡಬೇಕು.

ಎಷ್ಟು ವರ್ಷದಿಂದ ಕೊಡುತ್ತ ಬಂದಿದೆ? ಒಂದು ವರ್ಷದ ಫಸಲು ನೋಡಿ ಮರ ಕೊಳ್ಳಬೇಡಿ. ಹತ್ತು ವರ್ಷದ ಲೆಕ್ಕ ಕಂಪನಿಯ ವಾರ್ಷಿಕ ವರದಿಗಳಲ್ಲಿ, ಶೇರುಪೇಟೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಯಾರು ಲೆಕ್ಕ ಇಟ್ಟಿದ್ದಾರೆ? ಹಣ ಕೊಡುವ ಮುಂಚೆ ಆ ದಲಾಲರು ಸೆಬಿಯಲ್ಲಿ ನೋಂದಾಯಿತರೇ ಎಂದು ನೋಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ 'ತಿಂಗಳಿಗೆ ಶೇ 3 ಖಾತ್ರಿ' ಎಂದರೆ ಅಲ್ಲಿಂದ ಎದ್ದು ಬನ್ನಿ. ನಿಜವಾದ ಡಿವಿಡೆಂಡನ್ನು ಯಾರೂ ಖಾತ್ರಿ ಕೊಡಲಾರರು. ಸಂಶಯ ಬಂದರೆ ಸೆಬಿಯ ಸಹಾಯವಾಣಿ 1800 22 7575. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ, ಯಾವ ಹಣ ಹಾಕುತ್ತಿದ್ದೀರಿ? ಬಿತ್ತನೆಯ ಹಣ, ಮಕ್ಕಳ ಫೀ, ಬಂಗಾರ ಒತ್ತೆ ಇಟ್ಟು ತಂದ ಹಣ, ಬೆಳೆಸಾಲದ ಹಣ ಇವು ಶೇರಿಗೆ ಹೋಗಬಾರದು. ಸೊಸೈಟಿಯ ಬೆಳೆಸಾಲವನ್ನು ಮೊಬೈಲಿನ ಶೇರಿಗೆ ಹಾಕಿ ಅಲ್ಲಿ ದರ ಬಿದ್ದರೆ, ಇಲ್ಲಿ ಬಿತ್ತನೆಯೂ ಹೋಗುತ್ತದೆ, ಸೊಸೈಟಿಯ ಸಾಲವೂ ತಲೆ ಮೇಲೆ ಉಳಿಯುತ್ತದೆ. ಐದು ವರ್ಷ ಬೇಡದ ಹಣ, ಹೋದರೂ ಮನೆ ನಡೆಯುವಷ್ಟು ಹಣ, ಅದನ್ನೂ ಒಂದೇ ಕಂಪನಿಗೆ ಹಾಕದೆ ನಾಲ್ಕಾರು ಕಡೆ ಹಂಚಿ ಹಾಕಿದರೆ ಅದು ಲೆಕ್ಕದ ಕೆಲಸ.

ಅರವತ್ತು ವರ್ಷದ ಹಿಂದೆ ನಮ್ಮ ಕಾಡಿನ ಬಿದಿರು ಗಾಡಿ ತುಂಬಿ ಹೋಗುವಾಗ ಅದರ ಲಾಭದ ಪುಸ್ತಕ ನಮ್ಮವರ ಕೈಗೆ ಸಿಗುತ್ತಿರಲಿಲ್ಲ. ಇವತ್ತು ಆ ಪುಸ್ತಕ ನಿಮ್ಮ ಮೊಬೈಲಿನಲ್ಲಿದೆ. ಶೇರು ತಗೊಳ್ಳಿ, ಬಿಡಿ, ಅದು ನಿಮ್ಮ ಇಷ್ಟ. ಪುಸ್ತಕ ಓದುವುದನ್ನು ಮಾತ್ರ ಬಿಡಬೇಡಿ. ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನಮ್ಮ ಉತ್ತರ ಇಷ್ಟೇ: ಈ ಸಲ ಸೊಸೈಟಿಯ ಸರ್ವಸಾಧಾರಣ ಸಭೆಗೆ ಹೋಗಿ. ಚಹಾ, ಖಾರಾ ತಿಂದು ವರದಿಯನ್ನು ಮಡಚಿ ಕಿಸೆಗೆ ಹಾಕಿಕೊಳ್ಳುವ ಬದಲು 'ಲಾಭ ವಿಲೇವಾರಿ' ಪುಟ ತೆರೆದು, ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ಅಲ್ಲಿ ನಿಮ್ಮದೂ ಒಂದು ಮತ ಇದೆ.